ಥಾರ್ನ್ ಸಾಹೇಬನ ವಂಶಾವಳಿ

ರೊಟ್ಟಿ ಬಡಿಯಲು ಮುತ್ತವ್ವನಿಗೆ ಎರಡು ಕೈ ಸಾಕು, ಕಿವಿ ಬೇಕಾಗಿಲ್ಲ. ಹೀಗಾಗಿ ಆ ಹೊತ್ತಿನಲ್ಲಿ ಕಿವಿಯನ್ನು ಅವಳು ಪಡಸಾಲೆಗೆ ಕಳಿಸಿರುತ್ತಿದ್ದಳು. ಅಲ್ಲಿ ಸೊಸೆ ಪೂನಮ್ ಲ್ಯಾಪ್‌ಟಾಪ್ ಮುಂದೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು.

"ಇಲ್ರಿ ಸರ್, ವಂಶಾವಳಿ ನಾ ಪೂರಾ ನೋಡೇನಿ. ಗಂಡಮಕ್ಕಳ ಹೆಸರು ಎಲ್ಲಾ ಅದಾವು. ಮಗಳ ಹೆಸರು ಒಂದ ಬಿಟ್ಟಾರ. ಹೌದ್ರಿ, ಬೇಕಂತನ ಬಿಟ್ಟಾರ ಅನಸ್ತೈತಿ. ಆಸ್ತಿ ಹಂಚಿಕಿ ಮುಂದ ಇತ್ತಲ್ರಿ! ನಾ ಬಿಡಂಗಿಲ್ಲ, ಹುಡುಕೇ ಹುಡುಕ್ತೇನಿ."

ಮುತ್ತವ್ವನ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಉಬ್ಬಿ, ಇಳಿದು, ಅಂಚಿಗೆಲ್ಲ ಕಪ್ಪಾಯಿತು. ಅದನ್ನು ತಿರುವಿ ಹಾಕಬೇಕೆಂಬುದೂ ಅವಳಿಗೆ ಹೊಳೆಯಲಿಲ್ಲ.

"ಅತ್ತಿ, ಏನೋ ಹೊತ್ತಿದ ವಾಸನಿ ಬರಾಕತ್ತೈತ್ರಿ," ಎಂದು ಪೂನಮ್ ಅಲ್ಲಿಂದಲೇ ಕೂಗಿದಳು.

"ಹೊತ್ತಲಿ ಬಿಡು. ಹೊತ್ತಿಸೋರು ಇದ್ದಮ್ಯಾಲ ಹೊತ್ತೂದ," ಎಂದಳು ಮುತ್ತವ್ವ. ಪೂನಮ್‌ಗೆ ಅದು ಅರ್ಥವಾಗಲಿಲ್ಲ. ಅರ್ಥವಾಗದವರಂತೆ ನಟಿಸುತ್ತಾಳೆ ಎಂದು ಮುತ್ತವ್ವ ತಿಳಿದಳು.

ವಂಶಾವಳಿ ಎನ್ನುವುದು ಈ ಕಡೆ ಸುಮ್ಮಸುಮ್ಮನೆ ಬಾಯಿಗೆ ಬರುವ ಮಾತಲ್ಲ. ಹಬ್ಬಕ್ಕೆಂದು ಯಾರೂ ವಂಶಾವಳಿ ತೆಗೆಸುವುದಿಲ್ಲ. ಮನೆಯಲ್ಲಿ ಯಾರೋ ಸತ್ತಿರಬೇಕು, ಇಲ್ಲವೇ ಅಣ್ಣತಮ್ಮಂದಿರು ಬೇರೆಯಾಗಲು ನಿಂತಿರಬೇಕು. ಆಗ ಕಂದಾಯ ಇಲಾಖೆಯ ತಲಾಠಿ ಬಂದು ಸತ್ತವನಿಗೆ ಮಕ್ಕಳೆಷ್ಟು ಎಂದು ಕೇಳುತ್ತಾನೆ, ಪಂಚರು ಸಹಿ ಮಾಡುತ್ತಾರೆ, ಆಮೇಲೆ ಆಸ್ತಿಗೆ ಹೆಸರೇರುತ್ತದೆ. ವಂಶಾವಳಿ ಎಂದರೆ ಪಾಲು, ಪಾಲು ಎಂದರೆ ಜಗಳ. ಇದು ಗೋಕುಲ ರಸ್ತೆಯ ಹಿಂದಿನ ಆ ಓಣಿಯ ಸಣ್ಣ ಹುಡುಗರಿಗೂ ಗೊತ್ತಿದ್ದ ಲೆಕ್ಕ.

ಮುತ್ತವ್ವನಿಗೆ ಇನ್ನೊಂದು ಲೆಕ್ಕವೂ ಗೊತ್ತಿತ್ತು. ಅವಳ ಗಂಡ ಉಡಚಪ್ಪ ಮಾಸ್ತರರು ತೀರಿಕೊಂಡಾಗ ತಲಾಠಿ ಇದೇ ಪಡಸಾಲೆಯಲ್ಲಿ ಕೂತು, ಚಹಾ ಕುಡಿದು, "ಮಕ್ಕಳೆಷ್ಟ್ರಿ ಅವ್ವಾರ?" ಎಂದು ಕೇಳಿದ್ದ. ಮಗ ಅಂಬರೀಷ ಅವ್ವನ ಮಾರಿ ನೋಡಿದ. ಅವ್ವ ನೆಲ ನೋಡಿಕೊಂಡು, "ಒಬ್ಬನ ಮಗ," ಎಂದಳು. ಅವನ ಅಕ್ಕ ಸುಜಾತಾ ಆಗ ಸತ್ತೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸದ ಮೇಲಿದ್ದಳು. ಅಪ್ಪನ ಕಡೆಗಾಲದಲ್ಲಿ ಮೈ ಒರೆಸಿದವಳು, ಬಾಯಿಗೆ ಗಂಜಿ ಬಿಟ್ಟವಳು ಅವಳೇ. ಆದರೆ ಅವಳು ಗಂಡನನ್ನು ಬಿಟ್ಟು ಬಂದು ಸತ್ತೂರಿನಲ್ಲಿ ಖೋಲಿ ಹಿಡಿದಿದ್ದಳು. ಹೆಸರು ಹಚ್ಚಿದರೆ ಗಂಟುಮೂಟೆ ಸಮೇತ ಬಂದು ಇಲ್ಲೇ ಠಿಕಾಣಿ ಹೂಡುತ್ತಾಳೆ, ಓಣಿಯವರ ಬಾಯಿಗೆ ಮನೆ ಈಡಾಗುತ್ತದೆ, ಕಡೆಗೆ ಅನ್ನ ಹಾಕುವ ಮಗ ಮುನಿಯುತ್ತಾನೆ ಎಂದು ಮುತ್ತವ್ವ ಅಂಜಿದ್ದಳು. "ಈಗ ಇರಲಿ, ಮುಂದ ಅಕ್ಕಗ ತಿಳಿಸಿ ಹೇಳಿದ್ರಾತು," ಎಂದು ಅಂಬರೀಷ ಹೇಳಿದ್ದ. ಆ 'ಮುಂದ' ಇನ್ನೂ ಬಂದಿರಲಿಲ್ಲ. ಮದುವೆಯಾಗಿ ಆಮೇಲೆ ಮನೆಗೆ ಬಂದ ಪೂನಮ್‌ಗೆ ಈ ಸುದ್ದಿಯೇ ಇಲ್ಲವೆಂದು ತಾಯಿ ಮಗ ಇಬ್ಬರೂ ನೆಮ್ಮದಿಯಿಂದಿದ್ದರು.

ಸುಜಾತಾ ಪ್ರತಿ ರವಿವಾರ ಬರುತ್ತಿದ್ದಳು. ಅವ್ವನ ಬಿ.ಪಿ. ನೋಡಿ, ಉಗುರು ತೆಗೆದು, ತಲೆಗೆ ಎಣ್ಣೆ ಹಚ್ಚಿ ಹೋಗುತ್ತಿದ್ದಳು. ಈ ಸುದ್ದಿ ತಿಳಿದರೆ ಮಗಳು ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂಬುದು ಮುತ್ತವ್ವನಿಗೆ ಖಾತ್ರಿ ಇತ್ತು. ಮನೆ ಹೋದರೆ ಹೋಗಲಿ ಎನ್ನುವಷ್ಟು ದೊಡ್ಡ ಮನಸ್ಸಿನವಳಲ್ಲ ಅವಳು. ಮಗಳು ಹೋದರೆ ಹೋಗಲಿ ಎನ್ನುವಷ್ಟು ಕಲ್ಲು ಮನಸ್ಸಿನವಳೂ ಅಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು, ಅಷ್ಟೇ.

ಅಂದಿನಿಂದ ಮುತ್ತವ್ವ ಪಡಸಾಲೆಯಲ್ಲೇ ಠಾಣೆ ಹೂಡಿದಳು. ಮೆಂತ್ಯದ ಸೊಪ್ಪು ಸೋಸುವುದು ಅಲ್ಲೇ, ಅಕ್ಕಿ ಆರಿಸುವುದು ಅಲ್ಲೇ. ಒಮ್ಮೆ ಆರಿಸಿದ ಅಕ್ಕಿಯನ್ನು ಮತ್ತೊಮ್ಮೆ ಆರಿಸಿದಳು. ಲ್ಯಾಪ್‌ಟಾಪಿನ ಮೇಲೆ ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ಗೆರೆ ಎಳೆದ ದೊಡ್ಡದೊಂದು ಚಿತ್ರ ಕಂಡಿತು. ತಲಾಠಿ ಬರೆದ ಕಾಗದದಲ್ಲೂ ಹೀಗೇ ಗೆರೆ ಇದ್ದವು.

"ಅತ್ತಿ, ಸೊಪ್ಪಿನ ಕಡ್ಡಿ ಇಟ್ಟು ಎಲಿ ಚೆಲ್ಲಾಕತ್ತೀರಲ್ರಿ," ಎಂದು ಪೂನಮ್ ನಕ್ಕಳು.

"ನನ್ನ ಮನ್ಯಾಗ ನನಗ ಬೇಕಾದ್ದು ಇಟ್ಟೇನು, ಬ್ಯಾಡಾದ್ದು ಚೆಲ್ಲೇನು," ಎಂದಳು ಮುತ್ತವ್ವ. ಹೇಳಿದ ಮೇಲೆ 'ನನ್ನ ಮನಿ' ಎಂಬ ಮಾತಿಗೆ ಸೊಸೆ ಹುಬ್ಬೇರಿಸಿದಳೋ ಏನೋ ಎಂದು ಓರೆಗಣ್ಣಿನಿಂದ ನೋಡಿದಳು.

ವಾರ ಕಳೆಯುವುದರೊಳಗೆ ಅವಳು ಮಗನನ್ನು ಹಿತ್ತಿಲಿಗೆ ಕರೆದಳು. ಅಂಬರೀಷ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಫೈಲಿಗೆ ಹೆದರದವನು ಹೆಂಡತಿಗೆ ಒಂದಿಷ್ಟು ಹೆದರುತ್ತಿದ್ದ.

"ನಿನ್ನ ಹೆಂಡ್ತಿಗೆ ಹೇಳೀಯೇನು ನೀನು?"

"ಏನು ಹೇಳೂದು?"

"ವಂಶಾವಳೀದು. ಮಗಳ ಹೆಸರು ಬಿಟ್ಟಾರ, ನಾ ಬಿಡಂಗಿಲ್ಲ ಅಂತ ಯಾವನೋ ರಾಜರತ್ನ ಸರ್ ಮುಂದ ಹೇಳಾಕತ್ತಿದ್ಲು. ಆಂವ ವಕೀಲನೋ ಏನು?"

ಅಂಬರೀಷನ ಮಾರಿ ಇಳಿಯಿತು. "ರಾಜರತ್ನ ಸರ್ ಆಕಿ ಆಫೀಸಿನವರು. ನಾ ಏನೂ ಹೇಳಿಲ್ಲವ್ವ. ನೀನ ಯಾರ ಮುಂದರ ಬಾಯಿಬಿಟ್ಟಿರಬೇಕು. ಸಂಘದ ಹೆಣ್ಣಮಕ್ಕಳ ಕೂಡ ತಾಸಗಟ್ಲೆ ಕೂಡ್ತಿ."

"ನಾ ಯಾಕ ಬಿಡ್ಲಿ? ನಿನ್ನ ಹೊಟ್ಟ್ಯಾಗ ಮಾತು ನಿಲ್ಲಂಗಿಲ್ಲ. ಸಣ್ಣಾಂವ ಇದ್ದಾಗಿಂದ ನಿಲ್ಲಂಗಿಲ್ಲ."

ಹೀಗೆ ತಾಯಿ ಮಗನ ಮೇಲೆ, ಮಗ ತಾಯಿಯ ಮೇಲೆ ಸಂಶಯಪಟ್ಟುಕೊಂಡು ಒಳಗೆ ಬಂದರು. ಊಟಕ್ಕೆ ಕೂತಾಗ ಅಂಬರೀಷ ಬದನೆಕಾಯಿ ಪಲ್ಯವನ್ನು ಹೊಗಳಿದ. ಹೊಗಳುವ ಗುಣ ಅವನಿಗೆ ಇರಲಿಲ್ಲವಾದ್ದರಿಂದ ಪೂನಮ್‌ಗೆ ಆಶ್ಚರ್ಯವಾಯಿತು.

"ಅಲ್ಲ, ನಿನ್ನ ಕೆಲಸ ಖರೇ ಏನದು? ಒಮ್ಮೆರ ಪೂರಾ ಹೇಳಿಲ್ಲ ನೀನು," ಎಂದ.

"ನೀವು ಒಮ್ಮೆರ ಕೇಳಿಲ್ರಿ," ಎಂದಳು ಪೂನಮ್. ಕೇಳಿದ್ದೇ ಸಾಕೆಂಬಂತೆ ಉತ್ಸಾಹದಿಂದ ಶುರು ಮಾಡಿದಳು. "ಅಮೆರಿಕಾದಾಗ ಒಬ್ಬಾಕಿ ಮುದುಕಿ ಅದಾಳ್ರಿ. ಆಕಿ ಮನೆತನದ ಮೂಲಪುರುಷ ಒಬಡಾಯ ಥಾರ್ನ್ ಅಂತ. ನಾಕನೂರು ವರ್ಷದ ಹಿಂದ ಇಂಗ್ಲೆಂಡ್ ಬಿಟ್ಟು ಹಡಗ ಹತ್ತಿ ಹೋದಾಂವ. ಪ್ಯೂರಿಟನ್ ಅಂತ, ಕಟ್ಟಾ ಕ್ರಿಶ್ಚನ್ನರು. ಹಬ್ಬ ಇಲ್ಲ, ಹಾಡು ಕುಣಿತ ಇಲ್ಲ, ಬರೇ ಕೆಲಸಾ, ಪ್ರಾರ್ಥನಾ. ಆ ಥಾರ್ನ್‌ನಿಂದ ಹಿಡದು ಈ ಮುದುಕಿತನಾ ವಂಶಾವಳಿ ಕೂಡಿಸಿ ಕೊಡಬೇಕು. ಹಳೇ ಚರ್ಚಿನ ಕಾಗದಾ, ಕೋರ್ಟಿನ ಕಾಗದಾ ಎಲ್ಲಾ ಕಂಪ್ಯೂಟರಿನ್ಯಾಗ ಬರ್ತಾವು. ನಾವು ಓದಿ ಓದಿ ಜೋಡಸ್ತೇವಿ."

"ಅದಕ್ಕ ರೊಕ್ಕಾ ಕೊಡ್ತಾರೇನು?" ಎಂದಳು ಮುತ್ತವ್ವ.

"ಕೊಡ್ತಾರ್ರಿ ಅತ್ತಿ."

"ನಾಕನೂರು ವರ್ಷದ ಹಿಂದ ಸತ್ತಾಂವನ ಹೆಸರು ತಗೊಂಡು ಏನು ಮಾಡ್ತಾಳ ಆಕಿ? ಹೊಲಾ ಬರ್ತೈತೇನು?"

"ಹೊಲಾ ಇಲ್ಲ, ಏನೂ ಇಲ್ಲ. ತಿಳಕೊಳ್ಳೂದಕ್ಕ ಅಷ್ಟರಿ."

ಮುತ್ತವ್ವ ಮಗನ ಮಾರಿ ನೋಡಿದಳು, ಮಗ ತಾಟು ನೋಡಿದ. ಈ ಮಾತನ್ನು ನಂಬುವುದಾದರೂ ಹೇಗೆ? ಉಡಚಪ್ಪ ಮಾಸ್ತರರ ಅಜ್ಜನ ಹೆಸರು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಹುಟ್ಟೂರು ಉಪ್ಪಿನಬೆಟಗೇರಿಯಲ್ಲಿ ಅವರ ಕೇರಿಯವರ ಹೆಸರನ್ನು ಯಾರೂ ಬರೆದಿಟ್ಟಿರಲಿಲ್ಲ. ಮಾಸ್ತರರನ್ನು ಸಣ್ಣವರಿದ್ದಾಗ ಶಾಲೆಗೆ ಹಚ್ಚಿದ ದಿನ ಜಾತಿಯ ಹೆಸರು ಬೇಡವೆಂದು ಊರ ಹೆಸರನ್ನೇ ಅಡ್ಡಹೆಸರು ಮಾಡಿ 'ಬೆಟಗೇರಿ' ಎಂದು ಬರೆಸಿದ್ದರು. ಮನೆತನ ಶುರುವಾದದ್ದು ಅಲ್ಲಿಂದಲೇ. ಸ್ವಂತ ಮುತ್ತಜ್ಜನ ಹೆಸರು ಗೊತ್ತಿಲ್ಲದ ಮನೆಯಲ್ಲಿ ಕೂತು ಇವಳು ಪರದೇಶದವನ ಮುತ್ತಜ್ಜನ ಮುತ್ತಜ್ಜನನ್ನು ಹುಡುಕುತ್ತಾಳಂತೆ! ಸುಳ್ಳು ಹೇಳಿದರೂ ಸಮೀಪದ ಸುಳ್ಳು ಹೇಳಬೇಕು ಎನಿಸಿತು ಮುತ್ತವ್ವನಿಗೆ.

ಪೂನಮ್ ಅಷ್ಟಕ್ಕೇ ಬಿಡಲಿಲ್ಲ. ತಾನು ಓದಿದ್ದನ್ನು ಯಾರ ಮುಂದಾದರೂ ಹೇಳದೆ ಇರಲಾರದ ಹುಡುಗಿ ಅದು. "ಆ ಥಾರ್ನ್‌ಗ ಒಬ್ಬಾಕಿ ಮಗಳಿದ್ಲು ಅತ್ತಿ. ಚರ್ಚಿನ ಕಾಗದದಾಗ ಐತಿ, ವಂಶಾವಳಿಯೊಳಗ ಇಲ್ಲ. ಆಕಿ ಹೆಸರು ಏನು ಗೊತ್ತೇನ್ರಿ? ಸೈಲೆನ್ಸ್. ಅಂದ್ರ ಸುಮ್ಮನಿರು ಅಂತ! ಹೆಣ್ಣಮಕ್ಕಳಿಗೆ ಹಂಗ ಹೆಸರು ಇಡ್ತಿದ್ರಂತ್ರಿ."

ಮುತ್ತವ್ವ ಅನ್ನದ ಪಾತ್ರೆಯ ಮೇಲೆ ಮುಚ್ಚಳ ಕುಕ್ಕಿದಳು. "ಯಾರಿಗೆ ಸುಮ್ಮನಿರು ಅಂತೀ?"

"ಹೆಸರರಿ ಅತ್ತಿ, ಹೆಸರು."

"ಹೆಸರು ಹೇಳಿ ಬೈಯೂದು ನಮಗೂ ಬರ್ತೈತಿ," ಎಂದು ಎದ್ದು ಹೋದಳು. ಪೂನಮ್ ಗಂಡನ ಕಡೆ ನೋಡಿದಳು. ಗಂಡ ಬದನೆಕಾಯಿಯನ್ನು ಎರಡನೆಯ ಸಲ ಹೊಗಳಿದ.

ಮುಂದಿನ ರವಿವಾರ ಸುಜಾತಾ ಬಂದಳು. ಬಂದವಳೇ ಅವ್ವನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ, ಅಂಕಿ ನೋಡಿ ಹುಬ್ಬು ಗಂಟಿಕ್ಕಿದಳು.

"ಅವ್ವಾ, ಯಾಕ ಇಷ್ಟು ಏರೇತಿ? ಗುಳಿಗಿ ನುಂಗಾಕತ್ತೀಯೋ ಇಲ್ಲೋ ನೀ?"

"ಗುಳಿಗಿ ನುಂಗ್ತೇನಿ. ಉಳಿದಿದ್ದೂ ನುಂಗ್ತೇನಿ."

"ಏನಾಗೇತಿ ನಿನಗ? ಮಾರಿ ಒಂದಿಷ್ಟು ಆಗೇತಿ." ಸುಜಾತಾ ಪಟ್ಟಿ ಬಿಚ್ಚುತ್ತ ದನಿ ತಗ್ಗಿಸಿದಳು. "ಅವ್ವಾ, ನಮ್ಮ ಖೋಲಿ ಮಾಲಕರು ಮಗನ ಮದುವಿ ಮಾಡಾಕತ್ತಾರ. ಖೋಲಿ ಖಾಲಿ ಮಾಡು ಅಂದಾರ. ಬ್ಯಾರೇದು ಸಿಗೂತನಾ ಇಲ್ಲೇ ಮ್ಯಾಲಿನ ಖೋಲ್ಯಾಗ ಇರಲೇನು?"

ಮುತ್ತವ್ವ ತೋಳು ಎಳೆದುಕೊಂಡಳು. ಬಂತು! ಮೊದಲು ಸೊಸೆ ವಂಶಾವಳಿ ತೆಗೆಯುತ್ತಾಳೆ, ಹಿಂದೆಯೇ ಮಗಳು ಗಂಟು ತರುತ್ತಾಳೆ. ಇದನ್ನು ಯಾವ ಹಡಗಿನ ಸಾಹೇಬ ಕಲಿಸಿದ?

"ಮ್ಯಾಲಿನ ಖೋಲಿ ಸೋರ್ತೈತಿ," ಎಂದಳು.

"ಬ್ಯಾಸಗ್ಯಾಗ ಎಲ್ಲಿ ಸೋರ್ತೈತಿ?"

"ಅಂಬರೀಷನ್ನ ಕೇಳಬೇಕು."

"ಅವನ್ನ ಯಾಕ ಕೇಳಬೇಕು? ಅಪ್ಪ ಕಟ್ಟಿದ ಮನಿ ಅಲ್ಲೇನಿದು?" ಸುಜಾತಾ ನಗುತ್ತಲೇ ಅಂದಳು. ಅವ್ವ ನಗದಿದ್ದುದನ್ನು ಕಂಡು ಅವಳ ನಗೆ ಅರ್ಧಕ್ಕೇ ನಿಂತಿತು. "ಇರಲಿ ಬಿಡು. ಅವಸರೇನಿಲ್ಲ," ಎಂದು ಪೂನಮ್‌ಳ ಕೋಣೆಗೆ ಹೋದಳು. ಬಾಗಿಲು ಅರ್ಧ ಮುಚ್ಚಿತು. ಒಳಗಿಂದ ಇಬ್ಬರೂ ಪಿಸುಗುಟ್ಟಿದ್ದು, ಆಮೇಲೆ ಹೊಟ್ಟೆ ಹಿಡಿದು ನಕ್ಕದ್ದು ಕೇಳಿಸಿತು. ಅತ್ತಿಗೆ ನಾದಿನಿ ಹೀಗೆ ಒಂದಾದ ಮನೆಯನ್ನು ಮುತ್ತವ್ವ ಕಂಡಿರಲಿಲ್ಲ. ಅವರು ಜಗಳಾಡಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ವಾರವೆಲ್ಲ ಮನೆಯಲ್ಲಿ ಮಾತಿಗಿಂತ ಪಾತ್ರೆಗಳ ಸದ್ದೇ ಹೆಚ್ಚಾಯಿತು. ಪೂನಮ್ ಚಹಾ ಕೊಟ್ಟರೆ ಮುತ್ತವ್ವ ಬೇಡವೆಂದು, ತಾನೇ ಬೇರೆ ಕುದಿಸಿಕೊಂಡು ಕುಡಿದಳು. "ಅತ್ತಿ ನನ್ನ ಮ್ಯಾಲ ಯಾಕ ಸಿಟ್ಟಿಗೆದ್ದಾರ್ರಿ?" ಎಂದು ಪೂನಮ್ ಗಂಡನನ್ನು ಕೇಳಿದಳು. "ನೀ ಆ ಕೆಲಸ ಬಿಟ್ಟುಬಿಡು," ಎಂದ ಅಂಬರೀಷ. ಕೇಳಿದ್ದೇನು, ಹೇಳಿದ್ದೇನು! ಪೂನಮ್‌ಗೆ ಆಗ ಮೊದಲ ಸಲ ಗಂಡನ ಮೇಲೂ ಸಂಶಯ ಬಂತು.

ಮತ್ತೆ ರವಿವಾರ ಬಂತು. ಕೋಳಿ ಸಾರು ಕುದಿಯುತ್ತಿತ್ತು. ಸುಜಾತಾ ಉಳ್ಳಾಗಡ್ಡಿ ಹೆಚ್ಚಿ, ತಾಟು ಹಾಕಿದಳು. ನಾಲ್ವರೂ ಊಟಕ್ಕೆ ಕೂತರು. ಮೊದಲ ತುತ್ತು ಇಳಿಯುವ ಮೊದಲೇ ಪೂನಮ್ ಶುರು ಮಾಡಿದಳು.

"ಸುಜಾತಕ್ಕಾ, ಅಂತೂ ಸಿಕ್ಕಳು ನೋಡ್ರಿ!"

"ಯಾರು ಸಿಕ್ಕರು?"

"ವಂಶಾವಳ್ಯಾಗಿಂದ ಬಿಟ್ಟಿದ್ರಲ್ಲ, ಆ ಮಗಳು. ಯಾರು ಬಿಟ್ಟರು ಅನ್ನೂದೂ ಗೊತ್ತಾತು. ಕೇಳಿದ್ರ ನೀವು ನಗ್ತೀರಿ."

ಅಂಬರೀಷನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ಯಾರು ಬಿಟ್ಟಿದ್ರು? ತಾಯಿನ ಏನು?" ಎಂದು ಸುಜಾತಾ ತಮಾಷೆಗೆ ಕೇಳಿ, ಅವ್ವನ ತಾಟಿಗೆ ಒಂದು ತುಂಡು ಬಡಿಸಿದಳು.

ಮುತ್ತವ್ವ ತಾಟನ್ನು ನೂಕಿದಳು. ಸಾರು ನೆಲಕ್ಕೆ ತುಳುಕಿತು.

"ಹೌದು, ತಾಯಿನ! ನಾನ ಬಿಡಿಸೇನಿ! ಒಬ್ಬನ ಮಗ ಅಂತ ತಲಾಠಿ ಮುಂದ ಹೇಳಿದಾಕಿ ನಾನ, ಸಹಿ ಮಾಡಿದಾಕಿ ನಾನ. ಏನು ಮಾಡ್ತೀರಿ ಮಾಡ್ರಿ. ಇಬ್ಬರೂ ಕೂಡಿ ವಾರಗಟ್ಲೆ ನನ್ನ ಹಿಂಗ ಕುದಿಸೂದಕ್ಕಿಂತ ಮಾರಿಗೆ ಮಾರಿ ಕೊಟ್ಟು ಕೇಳಬೇಕಾಗಿತ್ತು!"

"ಅವ್ವಾ!" ಎಂದ ಅಂಬರೀಷ. ಆದರೆ ಹೊತ್ತು ಮೀರಿತ್ತು.

ಪೂನಮ್ ಕಣ್ಣು ಪಿಳುಕಿಸಿದಳು. "ಅತ್ತಿ, ನಾ ಥಾರ್ನ್ ಸಾಹೇಬನ ಮಗಳ ಸುದ್ದಿ ಹೇಳಾಕತ್ತಿದ್ನಿರಿ. ಮೂಲ ವಂಶಾವಳಿ ಸಿಕ್ಕೈತಿ, ಅದರಾಗ ಆಕಿ ಹೆಸರೈತಿ. ನಕಲ ಬರಕೊಳ್ಳಾಂವ ಒಂದು ಸಾಲು ಜಿಗಿದಿದ್ದ. ಅಷ್ಟ. ಅಲ್ಲಿ ಯಾರೂ ಬೇಕಂತ ಬಿಟ್ಟಿದ್ದಿಲ್ರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನನ್ನು ಕಂಡು ನಾವೆಲ್ಲ ನಗುತ್ತೇವೆ. ಮುತ್ತವ್ವ ಹೆಗಲು ಮುಟ್ಟಿಕೊಂಡು ಸುಮ್ಮನಾಗಲಿಲ್ಲ, ಕುಂಬಳಕಾಯಿಯನ್ನೇ ತಂದು ನಾಲ್ಕು ತಾಟಿನ ನಡುವೆ ಇಟ್ಟಿದ್ದಳು. ಆದರೆ ಅಲ್ಲಿ ನಗುವವರು ಯಾರೂ ಇರಲಿಲ್ಲ.

ಸುಜಾತಾ ಬಡಿಸುವ ಸೌಟನ್ನು ಮೆಲ್ಲಗೆ ಪಾತ್ರೆಯೊಳಗಿಟ್ಟಳು.

"ಅಪ್ಪಗ ಗೊತ್ತಿತ್ತೇನು?"

"ಇಲ್ಲಕ್ಕ," ಎಂದ ಅಂಬರೀಷ. "ಅಪ್ಪ ಹೋದಮ್ಯಾಲ ಆದದ್ದು. ನಿನಗ ಹೇಳಬೇಕಂತನ ಇದ್ವಿ. ಕಾಗದದಾಗಿನ ಮಾತು ಅಷ್ಟ ಅದು, ನೀ ಏನು ನಮಗ ಬ್ಯಾರೇನು?"

"ಬ್ಯಾರೆ ಅಂತ ಬರಿಸೀರಲ್ಲೋ. ಬ್ಯಾರೇನೂ ಅಲ್ಲ, ಹುಟ್ಟಿಲ್ಲ ಅಂತ ಬರಿಸೀರಿ."

ಅಷ್ಟು ಹೇಳಿ ಅವಳು ತನ್ನ ತಾಟಿನಲ್ಲಿದ್ದುದನ್ನು ಉಂಡು ಮುಗಿಸಿದಳು. ಅಳಲಿಲ್ಲ, ಕೂಗಲಿಲ್ಲ. ಅತ್ತಿದ್ದರೆ ಮುತ್ತವ್ವ ತಾನೂ ಅತ್ತು, ಹಣೆ ಬಡಿದುಕೊಂಡು, ಎಲ್ಲವನ್ನೂ ಹಣೆಬರಹದ ಮೇಲೆ ಹಾಕಿ ಹಗುರಾಗುತ್ತಿದ್ದಳು. ಸುಜಾತಾ ನೆಲದ ಮೇಲೆ ಚೆಲ್ಲಿದ್ದ ಸಾರನ್ನು ಒರೆಸಿ, ಅರಿವೆ ಹಿಂಡಿ ಹಾಕಿ, ಪರ್ಸು ತೆಗೆದುಕೊಂಡು ಹೋದಳು. ಅವ್ವನ ಬಿ.ಪಿ. ಅಂದು ಯಾರೂ ನೋಡಲಿಲ್ಲ.

ಅವಳು ಹೋದ ಮೇಲೆ ಮಾತಾಡಿದವಳು ಪೂನಮ್. ಅತ್ತೆಯ ಎದುರು ಅವಳು ದನಿ ಏರಿಸಿದ್ದು ಅದೇ ಮೊದಲು. "ಹೆಣ್ಣಮಕ್ಕಳಿಗೆ ಆಸ್ತ್ಯಾಗ ಪಾಲು ಕೊಡೂ ಕಾಯ್ದೆ ಆಗಲಿಲ್ಲಂತ ಬಾಬಾಸಾಹೇಬರು ಮಂತ್ರಿಗಿರಿ ಬಿಟ್ಟರು ಅಂತ ಮಾವನವರು ವರ್ಷಾ ಭಾಷಣಾ ಮಾಡ್ತಿದ್ರಂತ. ನೀವ ಹೇಳೀರಿ ನನಗ. ಪಡಸಾಲ್ಯಾಗ ಬಾಬಾಸಾಹೇಬರ ಆ ಫೋಟೋದ ಕೆಳಗ ಕುಂತ ಸಹಿ ಮಾಡಿದ್ರೇನ್ರಿ ಅತ್ತಿ?"

ಎಲ್ಲಿ ಕೂತಿದ್ದೆನೆಂಬುದು ಮುತ್ತವ್ವನಿಗೆ ಚೆನ್ನಾಗಿ ನೆನಪಿತ್ತು.

"ಮತ್ತ ನೀವು," ಎಂದು ಪೂನಮ್ ಗಂಡನ ಕಡೆ ತಿರುಗಿದಳು. "ಕೆಲಸಾ ಬಿಡು ಅಂದ್ರಿ. ಇದಕ್ಕ ಹೌದೋ ಅಲ್ಲೋ? ನಾಳೆ ನನಗ ಹೆಣ್ಣ ಹುಟ್ಟಿದ್ರ ಅದರ ಹೆಸರರ ಬರಸ್ತೀರೋ ಇಲ್ಲೋ ಹೇಳಿಬಿಡ್ರಿ."

ಮುಂದಿನ ರವಿವಾರ ಸುಜಾತಾ ಬರಲಿಲ್ಲ. ಅದರ ಮುಂದಿನ ರವಿವಾರವೂ ಬರಲಿಲ್ಲ. ಫೋನ್ ಮಾಡಿದರೆ ಡ್ಯೂಟಿ ಇದೆ ಎಂದು ಪೂನಮ್‌ಗೆ ಮೆಸೇಜು ಬರುತ್ತಿತ್ತು. ಮುತ್ತವ್ವ ಮಾಡಿದ ರೊಟ್ಟಿ ಮಿಕ್ಕಿ, ಒಣಗಿ, ಡಬ್ಬಿ ತುಂಬಿತು. ಕಡೆಗೊಂದು ಮುಂಜಾನೆ ಅವಳು ಮಗನ ಮುಂದೆ ನಿಂತಳು.

"ಅಕ್ಕನ ಹೆಸರು ಹಚ್ಚಿಸು."

"ಅದು ಅಷ್ಟು ಸರಳಿಲ್ಲವ್ವ. ಮದಲಿನದು ಸುಳ್ಳಂತ ಒಪ್ಪಿ ಬರಕೊಡಬೇಕಾಗ್ತೈತಿ. ನನ್ನ ನೌಕರಿ..."

"ಸುಳ್ಳು ಹೇಳಿದಾಕಿ ನಾನು. ನನ್ನ ಹೆಸರಲೆ ಬರಿ. ಜೇಲಿಗೆ ಹಾಕಿದ್ರ ನನ್ನ ಹಾಕಲಿ. ಇಷ್ಟು ದಿವಸ ಮನಿ ಕಾದು ಏನು ಗಳಿಸಿದ್ನಿ ನಾನು?"

ಅಂಬರೀಷ ಅರ್ಜಿ ಬರೆದ. ಅದಕ್ಕೆ ಸುಜಾತಾಳ ಸಹಿ ಬೇಕಿತ್ತು. ತಾನು ಒಯ್ಯುತ್ತೇನೆಂದು ಪೂನಮ್ ಅಂದಳು. ಮುತ್ತವ್ವ ಕೇಳದೆ, ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಒಬ್ಬಳೇ ಚಿಗರಿ ಸಿಟಿ ಬಸ್ ಹತ್ತಿ ಸತ್ತೂರಿಗೆ ಹೋದಳು. ದಾರಿಯುದ್ದಕ್ಕೂ ಬೈಗುಳಗಳಿಗೆ ಮನಸ್ಸು ಗಟ್ಟಿ ಮಾಡಿಕೊಂಡಳು. ಬೈದರೆ ಬೈಸಿಕೊಳ್ಳುವುದು, ಬಾಗಿಲು ಮುಚ್ಚಿದರೆ ಹೊರಗೇ ಕೂಡುವುದು, ಕಾಲು ಹಿಡಿಯಬೇಕಾಗಿ ಬಂದರೆ ಅದನ್ನೂ ಮಾಡುವುದು ಎಂದುಕೊಂಡಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಎಷ್ಟು ದಿನ ಮುನಿದಾಳು!

ಸುಜಾತಾ ಬಾಗಿಲು ತೆರೆದಳು. ಒಳಗೆ ಸಾಮಾನೆಲ್ಲ ಗಂಟು ಕಟ್ಟಿ ಇಟ್ಟಿತ್ತು. ಬೇರೆ ಕಡೆ ಖೋಲಿ ಸಿಕ್ಕಿತ್ತೆಂದು ಕಾಣುತ್ತದೆ. ಅವಳು ಬೈಯಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ.

"ಬರ್ರಿ," ಎಂದಳು. "ಒಳಗ ಬರ್ರಿ. ಕೂಡ್ರಿ."

ಮುತ್ತವ್ವ ಹಿಂದೆ ತಿರುಗಿ ನೋಡಿದಳು. ತನ್ನ ಹಿಂದೆ ಇನ್ನಾರಾದರೂ ಬಂದಿದ್ದಾರೇನೋ ಎಂದುಕೊಂಡಳು. ಯಾರೂ ಇರಲಿಲ್ಲ.

ಸುಜಾತಾ ಕುರ್ಚಿಯ ಮೇಲಿನ ಬಟ್ಟೆ ತೆಗೆದು ಕೂಡಲು ಜಾಗ ಮಾಡಿದಳು. ಕಾಗದವನ್ನು ಪೂರ್ತಿ ಓದಿ, ತೋರಿಸಿದಲ್ಲಿ ಸಹಿ ಮಾಡಿ, ಮಡಚಿ ಕೈಗೆ ಕೊಟ್ಟಳು. "ಹಚ್ಚಸ್ರಿ. ಅದು ನಂದು, ನಾ ಬಿಡಂಗಿಲ್ಲ. ಮತ್ತೇನರ ಬೇಕಾದ್ರ ಹೇಳಿ ಕಳಸ್ರಿ, ಕೊಡ್ತೇನಿ."

"ಸುಜೀ," ಎಂದಳು ಮುತ್ತವ್ವ. "ನಿಮ್ಮವ್ವಗ ರೀ ಅಂತೀಯೇನ? ಬೈ ಬೇಕಾದ್ರ. ನೀ, ನಿನ್ನ ಅಂತ ಬೈ ನನ್ನ."

ಸುಜಾತಾ ಆಗಲೇ ಒಲೆಯ ಕಡೆ ತಿರುಗಿದ್ದಳು. ಪಾತೇಲಿಗೆ ನೀರು ಹಾಕಿ, ಚಹಾಪುಡಿಯ ಡಬ್ಬಿ ಹುಡುಕಿ, ಮೂಲೆಯ ಗಂಟಿನೊಳಗಿಂದ ಎರಡು ಕಪ್ಪು ತೆಗೆದು ತೊಳೆದಳು. ಮನೆಗೆ ಬಂದವರನ್ನು ಬರಿಗೈಲಿ ಕಳಿಸುವವಳಲ್ಲ ಅವಳು. ನೀರು ಕುದಿ ಬಂತು. ಆಮೇಲೆ ಅವಳು ಚಮಚ ಹಿಡಿದುಕೊಂಡು, ತಿರುಗದೆಯೇ ಕೇಳಿದಳು.

"ಸಕ್ಕರಿ ಎಷ್ಟು ಹಾಕಲಿರಿ?"

ಸಣ್ಣವಳಿದ್ದಾಗಿನಿಂದ ಅವ್ವನಿಗೆ ಚಹಾ ಮಾಡಿಕೊಟ್ಟ ಹುಡುಗಿ ಈಗ ಸಕ್ಕರೆಯ ಲೆಕ್ಕ ಕೇಳಿದ್ದಳು.